ಜಾತಿ ಹಿಡಿದು ಬೈದ ಕಾಮೆಂಟು: ಪುರಾವೆ ಉಳಿಸುವುದರಿಂದ ಎಫ್‌ಐಆರ್‌ವರೆಗೆ

ಸಾಮಾಜಿಕ ಜಾಲತಾಣದಲ್ಲಿ ಯಾರಾದರೂ ಜಾತಿ ಹಿಡಿದು ಹೀಯಾಳಿಸಿದಾಗ ಹೆಚ್ಚಿನವರು ಮಾಡುವುದು ಎರಡರಲ್ಲೊಂದು. ಒಂದೋ ಸಿಟ್ಟಿನ ಬಿಸಿಯಲ್ಲಿ ಅಲ್ಲೇ ತಿರುಗಿ ಬರೆಯುತ್ತಾರೆ, ಇಲ್ಲವೇ ಬ್ಲಾಕ್ ಮಾಡಿ ಸುಮ್ಮನಾಗುತ್ತಾರೆ. ಎರಡಕ್ಕೂ ಅವರವರ ಕಾರಣಗಳಿರುತ್ತವೆ, ಯಾವುದನ್ನೂ ತಪ್ಪೆನ್ನುವಂತಿಲ್ಲ. ಆದರೆ ಕೆಲವು ದಿನಗಳ ನಂತರ ದೂರು ಕೊಡಬೇಕೆಂದು ಮನಸ್ಸು ಮಾಡುವಷ್ಟರಲ್ಲಿ ಕಾಮೆಂಟು ಅಳಿಸಿಹೋಗಿರುತ್ತದೆ, ಖಾತೆಯ ಹೆಸರು ಬದಲಾಗಿರುತ್ತದೆ, ಬ್ಲಾಕ್ ಮಾಡಿದ್ದರಿಂದ ಆ ಪುಟ ನಮಗೇ ಕಾಣದಂತಾಗಿರುತ್ತದೆ. ನಾವು ಸಿಟ್ಟಿನಲ್ಲಿ ಬರೆದ ನಾಲ್ಕು ಸಾಲು ಮಾತ್ರ ಎದುರಿನವರ ಮೊಬೈಲಿನಲ್ಲಿ ಭದ್ರವಾಗಿ ಉಳಿದಿರುತ್ತದೆ.

ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ (ದೌರ್ಜನ್ಯ ತಡೆ) ಕಾಯ್ದೆ, 1989 ಬಲವಾದ ಕಾಯ್ದೆ. 2015ರ ಮತ್ತು 2018ರ ತಿದ್ದುಪಡಿಗಳು ಅದನ್ನು ಇನ್ನಷ್ಟು ಬಿಗಿಗೊಳಿಸಿವೆ. ಆದರೂ ಆನ್‌ಲೈನ್ ನಿಂದನೆಯ ಪ್ರಕರಣ ನಿಲ್ಲುವುದೂ ಬೀಳುವುದೂ ಬಹುಮಟ್ಟಿಗೆ ದೂರಿನ ಮೊದಲ ಎರಡು ಪುಟಗಳಲ್ಲಿ ಏನು ಬರೆದಿದೆ, ಅದರ ಜೊತೆಗೆ ಏನನ್ನು ಲಗತ್ತಿಸಲಾಗಿದೆ ಎಂಬುದರ ಮೇಲೆಯೇ. ಈ ಲೇಖನ ಇರುವುದು ಆ ಎರಡು ಪುಟಗಳನ್ನು ಸರಿಯಾಗಿ ಬರೆಯುವುದಕ್ಕಾಗಿ. ಇದು ವಕೀಲರ ಸಲಹೆಗೆ ಬದಲಿಯಲ್ಲ. ವಕೀಲರ ಬಳಿಗೆ ಹೋಗುವ ಹೊತ್ತಿಗೆ ಕೈಯಲ್ಲಿ ಏನೇನಿರಬೇಕು ಎಂಬುದರ ಸಿದ್ಧತೆ.

ಮೊದಲ ಹೆಜ್ಜೆ: ಉತ್ತರ ಕೊಡುವ ಮೊದಲು ಉಳಿಸಿಕೊಳ್ಳುವುದು

ಸ್ಕ್ರೀನ್‌ಶಾಟ್ ತೆಗೆಯುವುದು ಎಲ್ಲರಿಗೂ ಗೊತ್ತು. ಆದರೆ ಬೈಗುಳದ ಸಾಲನ್ನಷ್ಟೇ ಕತ್ತರಿಸಿ ಇಟ್ಟುಕೊಂಡ ಚಿತ್ರ ಪೊಲೀಸರಿಗೂ ನ್ಯಾಯಾಲಯಕ್ಕೂ ಹೆಚ್ಚಿನದನ್ನು ಹೇಳುವುದಿಲ್ಲ. ಒಂದು ಚಿತ್ರದಲ್ಲಿ ಇಡೀ ಪರದೆ ಇರಲಿ, ಮೊಬೈಲಿನ ಮೇಲ್ಭಾಗದ ಸಮಯವೂ ಸೇರಿರಲಿ. ಇನ್ನೊಂದರಲ್ಲಿ ಯಾವ ಪೋಸ್ಟಿನ ಕೆಳಗೆ ಆ ಕಾಮೆಂಟು ಬಂದಿದೆ ಎಂಬುದು ಕಾಣಬೇಕು. ಮತ್ತೊಂದರಲ್ಲಿ ಬರೆದವರ ಪ್ರೊಫೈಲ್ ಪುಟ, ಅಲ್ಲಿ ತೋರುವ ಹೆಸರು ಮತ್ತು ಅದರ ಕೆಳಗಿರುವ ಯೂಸರ್‌ನೇಮ್ ಎರಡೂ ಇರಬೇಕು. ತೋರುವ ಹೆಸರನ್ನು ಯಾರು ಬೇಕಾದರೂ ಕ್ಷಣದಲ್ಲಿ ಬದಲಿಸಬಹುದು. ಒಂದೇ ಹೆಸರಿನ ಹತ್ತಾರು ಖಾತೆಗಳೂ ಇರುತ್ತವೆ.

ಚಿತ್ರಕ್ಕಿಂತ ಮುಖ್ಯವಾದದ್ದು ಲಿಂಕ್. ಫೇಸ್‌ಬುಕ್‌ನಲ್ಲಾಗಲಿ ಯೂಟ್ಯೂಬ್‌ನಲ್ಲಾಗಲಿ, ಕಂಪ್ಯೂಟರಿನ ಬ್ರೌಸರಿನಲ್ಲಿ ಪುಟ ತೆರೆದು ಕಾಮೆಂಟಿನ ಪಕ್ಕದಲ್ಲಿರುವ ದಿನ ಅಥವಾ ಗಂಟೆಯ ಮೇಲೆ ಒತ್ತಿದರೆ ಆ ಕಾಮೆಂಟಿಗೆ ಮಾತ್ರ ಸೇರಿದ ಲಿಂಕ್ ಸಿಗುತ್ತದೆ. ಎಕ್ಸ್‌ನಲ್ಲಿ ಪ್ರತಿ ಪೋಸ್ಟಿನ ಲಿಂಕಿನ ಕೊನೆಗೆ ಅದಕ್ಕೇ ಮೀಸಲಾದ ಉದ್ದನೆಯ ಸಂಖ್ಯೆ ಇರುತ್ತದೆ. ವಿಡಿಯೊದೊಳಗಿನ ಮಾತಾದರೆ ಎಷ್ಟನೆಯ ನಿಮಿಷ, ಎಷ್ಟನೆಯ ಸೆಕೆಂಡ್ ಎಂಬುದನ್ನು ಬರೆದಿಟ್ಟುಕೊಂಡು, ಆ ಭಾಗದ ಮಾತನ್ನು ಒಂದು ಅಕ್ಷರವೂ ಬಿಡದಂತೆ ಹಾಳೆಗಿಳಿಸಿಕೊಳ್ಳಿ. ಇನ್‌ಸ್ಟಾಗ್ರಾಂ ಸ್ಟೋರಿ 24 ಗಂಟೆಗಳಲ್ಲಿ ಮಾಯವಾಗುವುದರಿಂದ ಅದಕ್ಕೆ ಕಾಯುವ ವ್ಯವಧಾನವಿಲ್ಲ.

ಸ್ಕ್ರೀನ್‌ಶಾಟ್ ತಿದ್ದಿದ್ದು ಎಂಬ ಆಕ್ಷೇಪ ಬಂದೇ ಬರುತ್ತದೆ. ಅದಕ್ಕೆ ಸ್ಕ್ರೀನ್ ರೆಕಾರ್ಡಿಂಗ್ ಒಳ್ಳೆಯ ಉತ್ತರ. ಮೊಬೈಲಿನ ಮುಖಪುಟದಿಂದಲೇ ರೆಕಾರ್ಡಿಂಗ್ ಆರಂಭಿಸಿ, ದಿನಾಂಕ ತೋರಿಸಿ, ಆ್ಯಪ್ ತೆರೆದು, ಪೋಸ್ಟಿಗೆ ಹೋಗಿ, ಕಾಮೆಂಟು ತೋರಿಸಿ, ಬರೆದವರ ಹೆಸರಿನ ಮೇಲೆ ಒತ್ತಿ ಪ್ರೊಫೈಲ್ ತೆರೆದು, ನಿಧಾನವಾಗಿ ಕೆಳಗೆ ಸರಿಸುತ್ತ ಹೋಗಿ ನಿಲ್ಲಿಸಿ. ನಡುವೆ ಎಲ್ಲಿಯೂ ಕತ್ತರಿಸಬಾರದು.

ವಾಟ್ಸ್‌ಆ್ಯಪ್ ಗುಂಪಿನ ಕಥೆ ಸ್ವಲ್ಪ ಬೇರೆ. ಅಪಾರ್ಟ್‌ಮೆಂಟಿನ ಗುಂಪು, ಹಳೆಯ ವಿದ್ಯಾರ್ಥಿಗಳ ಗುಂಪು, ಊರಿನ ಗುಂಪು, ಕಚೇರಿಯ ಗುಂಪು ಇವುಗಳಲ್ಲಿ ಪರಿಚಿತರೇ ಇರುವುದರಿಂದ ಮಾತು ಇನ್ನೂ ಹಗುರಾಗುತ್ತದೆ. ಇಲ್ಲಿ ಸಂದೇಶದ ಜೊತೆಗೆ ಗುಂಪಿನ ಮಾಹಿತಿ ಪುಟ, ಸದಸ್ಯರ ಸಂಖ್ಯೆ ಮತ್ತು ಪಟ್ಟಿ, ಕಳುಹಿಸಿದವರ ಮೊಬೈಲ್ ಸಂಖ್ಯೆ ಇವೆಲ್ಲವನ್ನೂ ಉಳಿಸಬೇಕು. ಎಕ್ಸ್‌ಪೋರ್ಟ್ ಚಾಟ್ ಆಯ್ಕೆಯಿಂದ ಇಡೀ ಸಂಭಾಷಣೆಯನ್ನು ಇಳಿಸಿಕೊಳ್ಳಿ. ಗುಂಪಿನಿಂದ ಹೊರಬರುವುದು ಇದೆಲ್ಲ ಆದ ಮೇಲಿನ ಮಾತು. ಸಂದೇಶವನ್ನು ‘ಎಲ್ಲರಿಗೂ ಡಿಲೀಟ್’ ಮಾಡಲಾಗಿದ್ದರೆ, ಅದನ್ನು ಆಗಲೇ ನೋಡಿದ್ದ ಸದಸ್ಯರು ಯಾರು, ಅವರಲ್ಲಿ ಯಾರ ಬಳಿಯಾದರೂ ಚಿತ್ರವಿದೆಯೇ ಎಂದು ಅದೇ ದಿನ ವಿಚಾರಿಸಿ.

ಉಳಿಸಿದ್ದನ್ನೆಲ್ಲ ಒಂದು ಪೆನ್‌ಡ್ರೈವ್‌ಗೆ ಮತ್ತು ನಿಮ್ಮ ಇಮೇಲಿಗೆ ಹಾಕಿಡಿ. ಮೂಲ ಸಂದೇಶ ಅಥವಾ ಮೂಲ ಕಡತ ಇರುವ ಮೊಬೈಲನ್ನು ರೀಸೆಟ್ ಮಾಡಬೇಡಿ, ಮಾರಬೇಡಿ, ಎಕ್ಸ್‌ಚೇಂಜಿಗೂ ಕೊಡಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಸೆಕ್ಷನ್ ಪ್ರಕಾರ ವಿದ್ಯುನ್ಮಾನ ದಾಖಲೆಯ ಜೊತೆಗೆ ಪ್ರಮಾಣಪತ್ರವೊಂದನ್ನು ಸಲ್ಲಿಸಬೇಕು. ಅದರ ನಮೂನೆ ಅಧಿನಿಯಮದ ಅನುಸೂಚಿಯಲ್ಲೇ ಇದೆ: ‘ಎ’ ಭಾಗವನ್ನು ದಾಖಲೆ ಸಲ್ಲಿಸುವವರು, ‘ಬಿ’ ಭಾಗವನ್ನು ತಜ್ಞರು ತುಂಬುತ್ತಾರೆ. ಮೊಬೈಲಿನ ಕಂಪನಿ, ಮಾದರಿ, ಐಎಂಇಐ ಸಂಖ್ಯೆ (ಪ್ರತಿ ಮೊಬೈಲಿಗೂ ಇರುವ ಗುರುತಿನ ಸಂಖ್ಯೆ) ಮತ್ತು ಕಡತದ ಹ್ಯಾಶ್ ಮೌಲ್ಯವನ್ನು ಅಲ್ಲಿ ನಮೂದಿಸಬೇಕಾಗುತ್ತದೆ. ಹ್ಯಾಶ್ ಎಂದರೆ ಕಡತದ ಒಂದು ಚುಕ್ಕೆ ಬದಲಾದರೂ ಬದಲಾಗಿಬಿಡುವ ಅಕ್ಷರ-ಅಂಕಿಗಳ ಸಾಲು. ಕಂಪ್ಯೂಟರು ಬಲ್ಲ ಸ್ನೇಹಿತರು ಅದನ್ನು ಒಂದು ನಿಮಿಷದಲ್ಲಿ ತೆಗೆದುಕೊಡುತ್ತಾರೆ.

ಎರಡನೆಯ ಹೆಜ್ಜೆ: ಯಾವ ಕಾನೂನಿನ ಯಾವ ಸೆಕ್ಷನ್ ಎಂದು ನೋಡಿಕೊಳ್ಳುವುದು

ಮೊದಲು ಕಾಯ್ದೆ ಯಾರಿಗೆ ಅನ್ವಯವಾಗುತ್ತದೆ ಎಂಬುದು ಸ್ಪಷ್ಟವಿರಲಿ. ನೊಂದವರು ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರಿರಬೇಕು, ಆರೋಪಿ ಇವೆರಡಕ್ಕೂ ಸೇರಿರಬಾರದು. ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ 101 ಜಾತಿಗಳಿವೆ. 1950ರ ರಾಷ್ಟ್ರಪತಿ ಆದೇಶದಂತೆ ಹಿಂದೂ, ಸಿಖ್, ಬೌದ್ಧ ಧರ್ಮಗಳವರಿಗೆ ಮಾತ್ರ ಪರಿಶಿಷ್ಟ ಜಾತಿಯ ಸ್ಥಾನವಿರುವುದರಿಂದ ದಲಿತ ಕ್ರೈಸ್ತರು ಈ ಕಾಯ್ದೆಯ ರಕ್ಷಣೆಯಿಂದ ಹೊರಗುಳಿಯುತ್ತಾರೆ. ಕೇರಿಯೂ ಅದೇ, ಬೈಗುಳವೂ ಅದೇ, ರಕ್ಷಣೆ ಮಾತ್ರ ಇಲ್ಲ ಎಂಬುದು ಅನ್ಯಾಯವೇ. ಸದ್ಯಕ್ಕೆ ಕಾನೂನು ಇರುವುದು ಹಾಗೆ. ಅವರಿಗೂ, ಜಾತಿಯ ಕಾರಣಕ್ಕೆ ನಿಂದನೆಗೊಳಗಾಗುವ ಹಿಂದುಳಿದ ಸಮುದಾಯಗಳವರಿಗೂ ಹಳೆಯ ಐಪಿಸಿಯ ಬದಲಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 196ನೆಯ ಸೆಕ್ಷನ್ ಉಳಿದಿರುತ್ತದೆ. ಜಾತಿ, ಧರ್ಮ, ಭಾಷೆ ಮುಂತಾದವುಗಳ ಆಧಾರದಲ್ಲಿ ಗುಂಪುಗಳ ನಡುವೆ ದ್ವೇಷ ಹುಟ್ಟಿಸುವುದನ್ನು ಅದು ಅಪರಾಧವೆನ್ನುತ್ತದೆ, ವಿದ್ಯುನ್ಮಾನ ಸಂವಹನವನ್ನೂ ಹೆಸರಿಸುತ್ತದೆ.

ದೌರ್ಜನ್ಯ ತಡೆ ಕಾಯ್ದೆಯಲ್ಲಿ ಆನ್‌ಲೈನ್ ನಿಂದನೆಗೆ ಸಾಮಾನ್ಯವಾಗಿ ಹೊಂದುವ ಉಪವಿಧಿಗಳು ನಾಲ್ಕು. ಸಾರ್ವಜನಿಕರ ಕಣ್ಣಿಗೆ ಬೀಳುವ ಸ್ಥಳದಲ್ಲಿ, ಅಪಮಾನಗೊಳಿಸುವ ಉದ್ದೇಶದಿಂದ, ಬೇಕೆಂದೇ ಅವಮಾನಿಸುವುದು ಅಥವಾ ಬೆದರಿಸುವುದು ಸೆಕ್ಷನ್ 3(1)(ಆರ್). ಅಂಥದೇ ಸ್ಥಳದಲ್ಲಿ ಜಾತಿಯ ಹೆಸರು ಹಿಡಿದು ಬೈಯುವುದು 3(1)(ಎಸ್). ಪರಿಶಿಷ್ಟರ ವಿರುದ್ಧ ದ್ವೇಷ, ವೈರ ಹರಡುವುದು 3(1)(ಯು). ಪರಿಶಿಷ್ಟ ಸಮುದಾಯಗಳು ಗೌರವದಿಂದ ಕಾಣುವ ದಿವಂಗತ ವ್ಯಕ್ತಿಯನ್ನು ಬರಹದಿಂದಲೋ ಬೇರಾವ ರೀತಿಯಿಂದಲೋ ಅಗೌರವಿಸುವುದು 3(1)(ವಿ). ಅಂಬೇಡ್ಕರ್ ಅವರನ್ನು ಹೀಯಾಳಿಸುವ ಮೀಮ್‌ಗಳ ವಿಷಯದಲ್ಲಿ ನೆನಪಿಡಬೇಕಾದದ್ದು ಇದನ್ನು. ಇವೆಲ್ಲಕ್ಕೂ ಶಿಕ್ಷೆ 6 ತಿಂಗಳಿಂದ 5 ವರ್ಷದವರೆಗಿನ ಸೆರೆವಾಸ ಮತ್ತು ದಂಡ.

ಇಲ್ಲಿ ಎರಡು ಗಂಟುಗಳಿವೆ. ಆನ್‌ಲೈನ್ ಪ್ರಕರಣಗಳಲ್ಲಿ ಆರೋಪಿಯ ವಕೀಲರು ಮೊದಲು ಕೈ ಹಾಕುವುದೇ ಇವಕ್ಕೆ.

ಮೊದಲನೆಯದು ‘ಸಾರ್ವಜನಿಕರ ಕಣ್ಣಿಗೆ ಬೀಳುವ ಸ್ಥಳ’. ನಾಲ್ಕು ಗೋಡೆಗಳ ಒಳಗೆ, ಹೊರಗಿನವರು ಯಾರೂ ಇಲ್ಲದಿರುವಾಗ ಆಡಿದ ಮಾತು ಇದಕ್ಕೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ನವೆಂಬರ್‌ನಲ್ಲಿ ಉತ್ತರಾಖಂಡದ ಪ್ರಕರಣವೊಂದರಲ್ಲಿ ಹೇಳಿತು. ಜಾಲತಾಣಕ್ಕೆ ಇದನ್ನು ಹೇಗೆ ಅನ್ವಯಿಸುವುದು? ಫೇಸ್‌ಬುಕ್ ಪೋಸ್ಟನ್ನು ಸ್ನೇಹಿತರಿಗಷ್ಟೇ ಕಾಣುವಂತೆ ಹಾಕಿದ್ದರೂ ಅದು ಸಾರ್ವಜನಿಕ ದೃಷ್ಟಿಯ ಸ್ಥಳವಾಗಬಹುದು ಎಂದು ದೆಹಲಿ ಹೈಕೋರ್ಟ್ 2017ರಲ್ಲೇ ಅಭಿಪ್ರಾಯಪಟ್ಟಿತ್ತು. ಯೂಟ್ಯೂಬಿಗೆ ಹಾಕಿದ ಸಂದರ್ಶನವೊಂದರ ವಿಚಾರದಲ್ಲಿ ಕೇರಳ ಹೈಕೋರ್ಟ್ 2022ರ ಜುಲೈನಲ್ಲಿ ಇನ್ನೂ ಮುಂದೆ ಹೋಯಿತು: ನಿಂದನೆಗೊಳಗಾದ ಪರಿಶಿಷ್ಟ ಪಂಗಡದ ಮಹಿಳೆ ಆ ಕ್ಷಣದಲ್ಲಿ ಎದುರಿಗಿರಲಿಲ್ಲ ಎಂಬ ವಾದವನ್ನು ತಳ್ಳಿಹಾಕಿ, ಅಂತರ್ಜಾಲದಲ್ಲಿ ವಿಡಿಯೊ ತೆರೆದಾಗಲೆಲ್ಲ ಅವರು ಡಿಜಿಟಲ್ ರೂಪದಲ್ಲಿ ಅಲ್ಲಿ ಉಪಸ್ಥಿತರಿದ್ದಂತೆ ಎಂದಿತು. ಹೀಗಾಗಿ ಸಾರ್ವಜನಿಕ ಪೋಸ್ಟು, ಕಾಮೆಂಟು, ವಿಡಿಯೊಗಳ ವಿಷಯದಲ್ಲಿ ಹೆಚ್ಚು ಚಿಂತೆಯಿಲ್ಲ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಿಮ್ಮ ಬಂಧುಬಳಗದ ಹೊರಗಿನ, ಸ್ವತಂತ್ರವಾಗಿ ಸಾಕ್ಷಿ ಹೇಳಬಲ್ಲ ಸದಸ್ಯರಿದ್ದಾರೆ ಎಂಬುದನ್ನು ದೂರಿನಲ್ಲಿ ತೋರಿಸಬೇಕು.

ನಿಮಗೊಬ್ಬರಿಗೇ ಬಂದ ಖಾಸಗಿ ಸಂದೇಶಕ್ಕೆ ‘ಆರ್’ ಮತ್ತು ‘ಎಸ್’ ಉಪವಿಧಿಗಳು ಹೊಂದುವುದು ಕಷ್ಟ. ಹಾಗೆಂದು ದಾರಿ ಮುಚ್ಚಿಲ್ಲ. ಜೀವಬೆದರಿಕೆ ಇದ್ದರೆ ನ್ಯಾಯ ಸಂಹಿತೆಯ 351ನೆಯ ಸೆಕ್ಷನ್, ಮಹಿಳೆಯ ಮಾನಕ್ಕೆ ಕುಂದು ತರುವ ಮಾತಾದರೆ 79ನೆಯ ಸೆಕ್ಷನ್ ಅನ್ವಯವಾಗುತ್ತದೆ. ನೊಂದವರು ಪರಿಶಿಷ್ಟರೆಂದು ತಿಳಿದೂ ಅಂಥ ಅಪರಾಧ ಮಾಡಿದ್ದರೆ ದೌರ್ಜನ್ಯ ಕಾಯ್ದೆಯ 3(2)(ವಿಎ) ಜೊತೆಗೂಡುತ್ತದೆ. ಪರಿಶಿಷ್ಟ ಮಹಿಳೆಗೆ ಲೈಂಗಿಕ ಅರ್ಥದ ಮಾತು ಬಂದಿದ್ದರೆ 3(1)(ಡಬ್ಲ್ಯು) ಇದೆ. ಇವುಗಳಲ್ಲಿ ಸಾರ್ವಜನಿಕ ದೃಷ್ಟಿಯ ಷರತ್ತಿಲ್ಲ. ದಲಿತ ಹೆಣ್ಣುಮಕ್ಕಳ ಇನ್‌ಬಾಕ್ಸ್ ತುಂಬುವ ಸಂದೇಶಗಳಲ್ಲಿ ಜಾತಿ ಮತ್ತು ಲೈಂಗಿಕತೆ ಬೆರೆತೇ ಇರುತ್ತವೆ ಎಂಬುದನ್ನು ನೋಡಿದರೆ ಈ ಉಪವಿಧಿಗಳನ್ನು ಇಷ್ಟು ಕಡಿಮೆ ಜನ ಕೇಳಿ ಬರೆಸುವುದು ಆಶ್ಚರ್ಯವೇ.

ಎರಡನೆಯ ಗಂಟು ‘ಜಾತಿಯ ಕಾರಣಕ್ಕೆ’ ಎಂಬುದು. ಕೇರಳದ ಯೂಟ್ಯೂಬ್ ವಾಹಿನಿಯೊಂದು ಪರಿಶಿಷ್ಟ ಜಾತಿಯ ಶಾಸಕರೊಬ್ಬರ ವಿರುದ್ಧ ಹಾಕಿದ ವಿಡಿಯೊದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ಆಗಸ್ಟ್‌ನಲ್ಲಿ ಆರೋಪಿಗೆ ನಿರೀಕ್ಷಣಾ ಜಾಮೀನು ನೀಡಿತು. ಅವಮಾನಕ್ಕೊಳಗಾದವರು ಪರಿಶಿಷ್ಟರು ಎಂದ ಮಾತ್ರಕ್ಕೆ ಅಪರಾಧವಾಗದು, ಆ ಅವಮಾನ ಅವರ ಜಾತಿಯ ಗುರುತಿಗೆ ಅಂಟಿಕೊಂಡಿರಬೇಕು ಎಂಬುದು ಅಲ್ಲಿನ ಮುಖ್ಯ ಮಾತು. ದ್ವೇಷ ಹರಡುವ ‘ಯು’ ಉಪವಿಧಿ ಒಬ್ಬ ವ್ಯಕ್ತಿಯ ವಿರುದ್ಧದ ಮಾತಿಗಲ್ಲ, ಸಮುದಾಯದ ವಿರುದ್ಧದ ಮಾತಿಗೆ ಎಂದೂ ಅದೇ ತೀರ್ಪು ಹೇಳಿದೆ. ಇದಕ್ಕೆ ಪ್ರತಿಯಾಗಿ, ಇಡೀ ಸಮುದಾಯವನ್ನು ಕುರಿತ ಸಾಮಾನ್ಯ ಮಾತು ವ್ಯಕ್ತಿಯೊಬ್ಬರ ಅವಮಾನವಾಗದು ಎಂಬುದು 2017ರ ದೆಹಲಿ ತೀರ್ಪಿನ ಇನ್ನೊಂದು ಮುಖ. ಎಂದರೆ, ನಿಮ್ಮನ್ನೇ ಗುರಿಮಾಡಿದ್ದರೆ ‘ಆರ್’ ಮತ್ತು ‘ಎಸ್’, ಸಮುದಾಯವನ್ನು ಗುರಿಮಾಡಿದ್ದರೆ ‘ಯು’ ಎಂದು ಸ್ಥೂಲವಾಗಿ ಇಟ್ಟುಕೊಳ್ಳಬಹುದು.

ಗಾದೆ, ನುಡಿಗಟ್ಟುಗಳ ವಿಷಯ ಇನ್ನೂ ಸೂಕ್ಷ್ಮ. 2023ರ ಆಗಸ್ಟ್‌ನಲ್ಲಿ ಕನ್ನಡದ ಪ್ರಸಿದ್ಧ ನಟರೊಬ್ಬರು ಜಾಲತಾಣದ ನೇರಪ್ರಸಾರದಲ್ಲಿ ಊರು-ಹೊಲಗೇರಿಯ ಗಾದೆಯನ್ನು ಬಳಸಿದಾಗ ರಾಜ್ಯದಾದ್ಯಂತ ಪ್ರತಿಭಟನೆ ಎದ್ದಿತು. ಅವರು ವಿಡಿಯೊ ಅಳಿಸಿ ಕ್ಷಮೆ ಕೇಳಿದರು, ಬೆಂಗಳೂರಿನಲ್ಲಿ ಎಫ್‌ಐಆರ್‌ಗಳು ದಾಖಲಾದವು, ಕೆಲವೇ ದಿನಗಳಲ್ಲಿ ಹೈಕೋರ್ಟ್ ತಡೆಯಾಜ್ಞೆಯೂ ಬಂತು. ಗಾದೆ ಎಷ್ಟೇ ಹಳೆಯದಾದರೂ ಕೇರಿಯಲ್ಲಿ ಹುಟ್ಟಿದವರ ಕಿವಿಗೆ ಅದು ಹೇಗೆ ಬೀಳುತ್ತದೆ ಎಂಬುದು ಆ ಪ್ರತಿಭಟನೆಯಲ್ಲಿ ಎಲ್ಲರಿಗೂ ಕಂಡಿತು. ಆದರೆ ಒಬ್ಬ ವ್ಯಕ್ತಿಯನ್ನು ಗುರಿಮಾಡದ ಮಾತಿನಲ್ಲಿ ಅಪಮಾನದ ಉದ್ದೇಶವನ್ನು ಸಾಬೀತುಪಡಿಸುವುದು ಸುಲಭವಲ್ಲ. ಇಂಥ ಸಂದರ್ಭಗಳಲ್ಲಿ ಮೊಕದ್ದಮೆಗಿಂತ ಬಹಿರಂಗವಾದ ಖಂಡನೆ ಮತ್ತು ಕ್ಷಮೆಯ ಒತ್ತಾಯವೇ ಹೆಚ್ಚು ಫಲ ಕೊಡುತ್ತದೆ ಎಂಬುದು ನನ್ನ ಅಭಿಪ್ರಾಯ.

ಮೂರನೆಯ ಹೆಜ್ಜೆ: ದೂರು ಬರೆಯುವುದು

ದೂರಿನಲ್ಲಿ ಆಕ್ರೋಶಕ್ಕಿಂತ ವಿವರಕ್ಕೆ ಬೆಲೆ ಹೆಚ್ಚು. ನಿಮ್ಮ ಹೆಸರು, ವಿಳಾಸ, ಜಾತಿ, ನಾಡಕಚೇರಿಯಿಂದ ಪಡೆದ ಜಾತಿ ಪ್ರಮಾಣಪತ್ರದ ಆರ್.ಡಿ. ಸಂಖ್ಯೆ ಮೊದಲಿಗೆ ಬರಲಿ. ಆರೋಪಿಯ ನಿಜವಾದ ಹೆಸರು ಗೊತ್ತಿಲ್ಲದಿದ್ದರೆ ಖಾತೆಯ ಹೆಸರು ಮತ್ತು ಲಿಂಕ್ ಸಾಕು. ಆ ಖಾತೆ ಯಾರದೆಂದು ಪತ್ತೆಹಚ್ಚುವುದು ತನಿಖೆಯ ಕೆಲಸ, ನಿಮ್ಮದಲ್ಲ. ಠಾಣೆಯಲ್ಲಿ ‘ಹೆಸರು ತನ್ನಿ, ಆಮೇಲೆ ನೋಡೋಣ’ ಎಂದರೆ ಒಪ್ಪಬೇಕಾಗಿಲ್ಲ.

ಮುಖ್ಯವಾದ ಪ್ಯಾರಾ ಸುಮಾರು ಹೀಗಿರಬಹುದು:

‘ದಿನಾಂಕ … ರಂದು ರಾತ್ರಿ … ಗಂಟೆಗೆ ನನ್ನ ಫೇಸ್‌ಬುಕ್ ಖಾತೆಯಲ್ಲಿ ನಾನು ಮೀಸಲಾತಿ ಕುರಿತು ಬರೆದಿದ್ದ ಸಾರ್ವಜನಿಕ ಪೋಸ್ಟಿನ ಕೆಳಗೆ … ಎಂಬ ಹೆಸರಿನ ಖಾತೆಯಿಂದ ಈ ಕೆಳಗಿನ ಮಾತುಗಳನ್ನು ಬರೆಯಲಾಗಿದೆ: “…”. ಇದರಲ್ಲಿ ನನ್ನ ಜಾತಿಯ ಹೆಸರನ್ನು ಬಳಸಿ ನನ್ನನ್ನು ನಿಂದಿಸಲಾಗಿದೆ. ಈ ವ್ಯಕ್ತಿ ಮತ್ತು ನಾನು … ಕಾಲೇಜಿನಲ್ಲಿ ಸಹಪಾಠಿಗಳಾಗಿದ್ದು, ನನ್ನ ಜಾತಿ ಅವರಿಗೆ ಮೊದಲಿನಿಂದಲೂ ತಿಳಿದಿದೆ. ನನ್ನನ್ನು ಜಾತಿಯ ಕಾರಣಕ್ಕೆ ಎಲ್ಲರೆದುರು ಅಪಮಾನಗೊಳಿಸುವ ಉದ್ದೇಶದಿಂದಲೇ ಹೀಗೆ ಬರೆದಿರುತ್ತಾರೆ. ಇದನ್ನು ಓದಿ … ಮತ್ತು … ಎಂಬವರು ನನಗೆ ಫೋನ್ ಮಾಡಿರುತ್ತಾರೆ. ಅವರು ನನ್ನ ಸಂಬಂಧಿಕರಲ್ಲ, ಸಾಕ್ಷಿ ಹೇಳಲು ಸಿದ್ಧರಿದ್ದಾರೆ.’

ಈ ಪ್ಯಾರಾದ ಪ್ರತಿ ವಾಕ್ಯಕ್ಕೂ ಕಾನೂನಿನಲ್ಲೊಂದು ಕೆಲಸವಿದೆ. ‘ಸಾರ್ವಜನಿಕ ಪೋಸ್ಟ್’ ಎಂಬುದು ಮೊದಲ ಗಂಟನ್ನು ಬಿಡಿಸುತ್ತದೆ, ‘ಜಾತಿಯ ಕಾರಣಕ್ಕೆ’ ಎಂಬುದು ಎರಡನೆಯದನ್ನು. ಸಹಪಾಠಿ ಎಂಬ ಮಾತನ್ನು ಬಿಡಬಾರದು. ಏಕೆಂದರೆ ಆರೋಪಿಗೆ ನೊಂದವರ ಅಥವಾ ಅವರ ಕುಟುಂಬದ ಪರಿಚಯವಿತ್ತು ಎಂದಾದರೆ ಜಾತಿಯೂ ಗೊತ್ತಿತ್ತು ಎಂದೇ ನ್ಯಾಯಾಲಯ ಭಾವಿಸಬೇಕು, ಗೊತ್ತಿರಲಿಲ್ಲವೆಂದು ಸಾಬೀತುಪಡಿಸುವ ಹೊಣೆ ಆರೋಪಿಯದು ಎಂದು ದೌರ್ಜನ್ಯ ತಡೆ ಕಾಯ್ದೆಯ 8ನೆಯ ಸೆಕ್ಷನ್ ಹೇಳುತ್ತದೆ.

ಬೈಗುಳವನ್ನು ‘ಅವಾಚ್ಯ ಶಬ್ದಗಳಿಂದ ನಿಂದಿಸಿದರು’ ಎಂದು ಮುಚ್ಚಿಟ್ಟು ಬರೆಯುವ ರೂಢಿ ನಮ್ಮ ಠಾಣೆಗಳಲ್ಲಿದೆ. ಅದನ್ನು ಒಪ್ಪಬೇಡಿ. ಬರೆಯಲು ಎಷ್ಟೇ ಸಂಕಟವಾದರೂ ಆ ಮಾತು ಅಕ್ಷರಶಃ ದೂರಿನಲ್ಲಿರಬೇಕು. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದಿದ್ದರೆ ಹಾಗೆಯೇ ನಕಲು ಮಾಡಿ ಪಕ್ಕದಲ್ಲಿ ಕನ್ನಡ ಲಿಪಿಯಲ್ಲೂ ಬರೆಯಿರಿ. ಜಾತಿಯ ಹೆಸರಿಲ್ಲದೆ ‘ಕೋಟಾ ಡಾಕ್ಟರ್’, ‘ಮೀಸಲಾತಿ ಗಿರಾಕಿ’ ಎಂಬಂಥ ಮಾತುಗಳಲ್ಲಿ ಚುಚ್ಚಿದ್ದರೆ, ಆ ಮಾತು ಯಾರನ್ನು ಕುರಿತು, ಯಾವ ಅರ್ಥದಲ್ಲಿ ಬಳಕೆಯಲ್ಲಿದೆ ಎಂಬುದನ್ನು ಒಂದೆರಡು ವಾಕ್ಯಗಳಲ್ಲಿ ವಿವರಿಸಿ. ಅದೇ ಖಾತೆಯಿಂದ ಹಿಂದೆಯೂ ಇಂಥವು ಬಂದಿದ್ದರೆ ದಿನಾಂಕವಾರು ಪಟ್ಟಿ ಮಾಡಿ.

ವಾಟ್ಸ್‌ಆ್ಯಪ್ ಗುಂಪಿನ ಅಡ್ಮಿನ್‌ನ ಹೆಸರನ್ನು ಸುಮ್ಮನೆ ಆರೋಪಿಗಳ ಸಾಲಿಗೆ ಸೇರಿಸಬೇಡಿ. ಸದಸ್ಯರು ಹಾಕಿದ್ದಕ್ಕೆಲ್ಲ ಅಡ್ಮಿನ್ ಹೊಣೆಯಲ್ಲ ಎಂದು ಬಾಂಬೆ ಮತ್ತು ಕೇರಳ ಹೈಕೋರ್ಟುಗಳು ಹೇಳಿವೆ. ಅಡ್ಮಿನ್ ತಾನೂ ಕೈಜೋಡಿಸಿದ್ದರೆ ಮಾತು ಬೇರೆ.

ಕೊನೆಗೆ ಒಂದು ಕೋರಿಕೆ ಸೇರಿಸಿ: ಹಳೆಯ ಸಿಆರ್‌ಪಿಸಿಯ ಬದಲಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೆಯ ಸೆಕ್ಷನ್ ಅಡಿಯಲ್ಲಿ ಜಾಲತಾಣದ ಕಂಪನಿಗೆ ಕೂಡಲೇ ನೋಟಿಸ್ ಕೊಟ್ಟು ಖಾತೆಯ ನೋಂದಣಿ ವಿವರ ಮತ್ತು ಲಾಗಿನ್ ವಿವರಗಳನ್ನು ಪಡೆಯಬೇಕು ಎಂದು. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳಂತೆ ತೆಗೆದುಹಾಕಿದ ವಿಷಯವನ್ನೂ, ಮುಚ್ಚಿದ ಖಾತೆಯ ನೋಂದಣಿ ವಿವರವನ್ನೂ ಕಂಪನಿ ತನಿಖೆಗಾಗಿ 180 ದಿನ ಉಳಿಸಿಕೊಂಡಿರಬೇಕು. ಆರು ತಿಂಗಳು ಕಳೆದ ಮೇಲೆ ಹೋದ ನೋಟಿಸಿಗೆ ‘ದತ್ತಾಂಶ ಲಭ್ಯವಿಲ್ಲ’ ಎಂಬ ಉತ್ತರ ಬಂದರೆ ಮಾಡುವಂಥದ್ದೇನೂ ಇರುವುದಿಲ್ಲ.

ನಾಲ್ಕನೆಯ ಹೆಜ್ಜೆ: ಠಾಣೆಯಲ್ಲಿ

ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ವ್ಯಾಪ್ತಿ ತಮ್ಮದಲ್ಲ ಎಂದರೆ ಶೂನ್ಯ ಎಫ್‌ಐಆರ್ ದಾಖಲಿಸಿ ಸಂಬಂಧಪಟ್ಟ ಠಾಣೆಗೆ ಕಳುಹಿಸಬೇಕು. ಊರು ಕಲಬುರಗಿಯಾಗಿದ್ದು ಕೆಲಸಕ್ಕೆ ಬೆಂಗಳೂರಿನಲ್ಲಿರುವವರು ಇದಕ್ಕಾಗಿ ಊರಿಗೆ ಹೋಗಬೇಕಾಗಿಲ್ಲ. ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಸೆಕ್ಷನ್ ಪ್ರಕಾರ ಇಮೇಲ್ ಮುಂತಾದ ವಿದ್ಯುನ್ಮಾನ ಮಾರ್ಗದಲ್ಲೂ ದೂರು ಕಳುಹಿಸಬಹುದು, ಆದರೆ 3 ದಿನಗಳೊಳಗೆ ಹೋಗಿ ಸಹಿ ಹಾಕಬೇಕು. ಜಿಲ್ಲೆಗಳಲ್ಲಿರುವ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧ) ಠಾಣೆಗಳು ಸೈಬರ್ ಅಪರಾಧಗಳನ್ನು ನೋಡುತ್ತವೆ. ಪರಿಶಿಷ್ಟರ ಮೇಲಿನ ದೌರ್ಜನ್ಯದ ಪ್ರಕರಣಗಳನ್ನು ನೋಡುವ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯದ ಘಟಕಗಳಿಗೂ 2025ರಲ್ಲಿ ರಾಜ್ಯ ಸರ್ಕಾರ ಪೊಲೀಸ್ ಠಾಣೆಯ ಅಧಿಕಾರ ಕೊಟ್ಟಿದೆ. ‘ಇದು ಸೈಬರ್, ಅಲ್ಲಿ ಹೋಗಿ’, ‘ಇದು ಜಾತಿ ನಿಂದನೆ, ಇಲ್ಲಿ ಹೋಗಿ’ ಎಂದು ಅಲೆದಾಡಿಸುವುದು ನಡೆದೇ ಇದೆ. ಹಾಗಾದಾಗ ಮೊದಲು ಹೋದ ಠಾಣೆಯಲ್ಲೇ ನಿಂತು, ದೂರು ಏಕೆ ತೆಗೆದುಕೊಳ್ಳುತ್ತಿಲ್ಲ ಎಂಬ ಲಿಖಿತ ಹಿಂಬರಹ ಕೇಳಿ. ಹಿಂಬರಹ ಕೊಡಬೇಕಾಗುತ್ತದೆ ಎಂದ ಕೂಡಲೇ ಧಾಟಿ ಬದಲಾಗುವುದುಂಟು.

‘ಅರ್ಜಿ ವಿಚಾರಣೆಗೆ ತೆಗೆದುಕೊಂಡಿದ್ದೇವೆ, ಅವರನ್ನೂ ಕರೆಸಿ ಮಾತಾಡೋಣ’ ಎನ್ನುವುದು ಇನ್ನೊಂದು ಸಾಮಾನ್ಯ ಮಾತು. 2018ರಲ್ಲಿ ಸೇರಿಸಿದ 18ಎ ಸೆಕ್ಷನ್ ಪ್ರಕಾರ ದೌರ್ಜನ್ಯ ಕಾಯ್ದೆಯಡಿ ಎಫ್‌ಐಆರ್ ದಾಖಲಿಸಲು ಪ್ರಾಥಮಿಕ ವಿಚಾರಣೆ ಬೇಕಾಗಿಲ್ಲ. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಈ ಸೆಕ್ಷನ್ನನ್ನು ಎತ್ತಿಹಿಡಿದಿದೆ. ಬಾಯಲ್ಲಿ ಹೇಳಿದ ದೂರನ್ನು ಬರೆದುಕೊಂಡರೆ ಸಹಿಗೆ ಮೊದಲು ಓದಿ ಹೇಳಬೇಕು, ಪ್ರತಿಯನ್ನು ಕೂಡಲೇ ಉಚಿತವಾಗಿ ಕೊಡಬೇಕು, ತನಿಖೆಯನ್ನು 60 ದಿನಗಳಲ್ಲಿ ಮುಗಿಸಬೇಕು ಎಂದು 4ನೆಯ ಸೆಕ್ಷನ್ ಕರ್ತವ್ಯಗಳನ್ನು ವಿಧಿಸಿದೆ. ಪರಿಶಿಷ್ಟರಲ್ಲದ ಅಧಿಕಾರಿ ಬೇಕೆಂದೇ ಇವನ್ನು ಕಡೆಗಣಿಸಿದರೆ 6 ತಿಂಗಳಿಂದ 1 ವರ್ಷದವರೆಗೆ ಶಿಕ್ಷೆಯಿದೆ. ತನಿಖಾಧಿಕಾರಿ ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರಾಗಿರಬಾರದು. ಠಾಣೆ ನಿರಾಕರಿಸಿದರೆ ದೂರನ್ನು ನೋಂದಾಯಿತ ಅಂಚೆಯಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಕಳುಹಿಸಿ, ಅಲ್ಲಿಯೂ ಆಗದಿದ್ದರೆ ವಕೀಲರ ಮೂಲಕ ನ್ಯಾಯಾಲಯಕ್ಕೆ ಹೋಗಬಹುದು.

ದೌರ್ಜನ್ಯದ ದೂರುಗಳಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14566. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿನ ಹಕ್ಕಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ, ಸಹಾಯವಾಣಿ 15100.

ಮೊಬೈಲನ್ನು ಪೊಲೀಸರು ವಶಕ್ಕೆ ಕೇಳಬಹುದು. ಕೊಡುವುದಾದರೆ ಮಹಜರಿನಲ್ಲಿ ಮಾದರಿ, ಐಎಂಇಐ ಸಂಖ್ಯೆ ಬರೆದಿದೆಯೇ ಎಂದು ನೋಡಿ ಪ್ರತಿ ಪಡೆಯಿರಿ.

ಐದನೆಯ ಹೆಜ್ಜೆ: ಜಾಲತಾಣಕ್ಕೆ ವರದಿ ಮಾಡುವುದು

ಪುರಾವೆ ಭದ್ರವಾದ ಮೇಲೆ, ಸಾಧ್ಯವಾದರೆ ಠಾಣೆಯಲ್ಲಿ ಸ್ವೀಕೃತಿ ಪಡೆದ ಮೇಲೆ ಈ ಕೆಲಸ ಮಾಡುವುದು ಕ್ಷೇಮ. ನಿಮ್ಮ ಮನೆ ವಿಳಾಸ, ಫೋನ್ ಸಂಖ್ಯೆ ಅಥವಾ ಖಾಸಗಿ ಚಿತ್ರ ಹಾಕಿದ್ದರೆ ಮಾತ್ರ ಕಾಯದೆ ಮೊದಲೇ ವರದಿ ಮಾಡಿ.

ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳ ದ್ವೇಷಪೂರಿತ ವರ್ತನೆಯ ನೀತಿಯಲ್ಲೂ ಯೂಟ್ಯೂಬಿನ ನೀತಿಯಲ್ಲೂ ಜಾತಿಯ ಹೆಸರು ಸ್ಪಷ್ಟವಾಗಿದೆ. ನೀತಿಯಲ್ಲಿ ಇದ್ದರೂ ಕನ್ನಡದ ಬೈಗುಳ, ಅದರಲ್ಲೂ ಇಂಗ್ಲಿಷ್ ಅಕ್ಷರದಲ್ಲಿ ನಡುವೆ ಚುಕ್ಕೆ ಸೇರಿಸಿ ಬರೆದದ್ದು, ಯಂತ್ರದ ಕಣ್ಣಿಗೆ ಬೀಳುವುದು ಕಡಿಮೆ. ಬಟನ್ ಒತ್ತಿ ಬಂದ ‘ನಮ್ಮ ಮಾನದಂಡಗಳ ಉಲ್ಲಂಘನೆಯಾಗಿಲ್ಲ’ ಎಂಬ ಉತ್ತರಕ್ಕೆ ನಿಲ್ಲದೆ ಕಂಪನಿಯ ಭಾರತದ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಅವರ ಹೆಸರು, ಸಂಪರ್ಕ ಕಂಪನಿಯ ಜಾಲತಾಣದಲ್ಲೇ ಇರಬೇಕು. ಲಿಂಕ್, ಬೈಗುಳ, ಅದರ ಅರ್ಥ, ಎಫ್‌ಐಆರ್ ಆಗಿದ್ದರೆ ಅದರ ಸಂಖ್ಯೆ ಇಷ್ಟು ಸಾಕು. 2021ರ ನಿಯಮಗಳು ದೂರಿನ ಸ್ವೀಕೃತಿಗೆ 24 ಗಂಟೆ, ಪರಿಹಾರಕ್ಕೆ ಮೊದಲು 15 ದಿನ ಗೊತ್ತುಪಡಿಸಿದ್ದವು; ಈ ಗಡುವುಗಳಿಗೆ ತಿದ್ದುಪಡಿಗಳು ಆಗುತ್ತಿರುವುದರಿಂದ ಬರೆಯುವ ದಿನ ಚಾಲ್ತಿಯಲ್ಲಿರುವುದನ್ನು ನೋಡಿಕೊಳ್ಳಿ. ಅಧಿಕಾರಿಯ ತೀರ್ಮಾನ ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಕೇಂದ್ರ ಸರ್ಕಾರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು.

ಇದರ ತಿರುಗುಬಾಣವೂ ಇದೆ. ಜಾತಿಯ ಬಗ್ಗೆ ಬರೆಯುವವರ ಖಾತೆಯನ್ನೇ ಗುಂಪುಗೂಡಿ ರಿಪೋರ್ಟ್ ಮಾಡಿ ಮುಚ್ಚಿಸುವುದು ನಡೆಯುತ್ತದೆ, ಕೆಲವೊಮ್ಮೆ ತನ್ನ ಜಾತಿಯ ಹೆಸರನ್ನು ತಾನೇ ಹೆಮ್ಮೆಯಿಂದ ಬರೆದ ದಲಿತ ಬರಹಗಾರರ ಪೋಸ್ಟನ್ನೇ ನಿಂದನೆ ಎಂದು ಯಂತ್ರ ಅಳಿಸುತ್ತದೆ. ಆದ್ದರಿಂದ ಬರೆದದ್ದನ್ನೆಲ್ಲ ತಿಂಗಳಿಗೊಮ್ಮೆ ಸೆಟ್ಟಿಂಗ್ಸ್‌ನಲ್ಲಿರುವ ‘ನಿಮ್ಮ ಮಾಹಿತಿ ಇಳಿಸಿಕೊಳ್ಳಿ’ ಆಯ್ಕೆಯಿಂದ ಉಳಿಸಿಕೊಳ್ಳಿ, ಎರಡು ಹಂತದ ಲಾಗಿನ್ ಹಾಕಿಕೊಳ್ಳಿ.

ಕಣ್ಣಾರೆ ನೋಡಿದವರಿಗೆ

ಗುಂಪಿನಲ್ಲಿ ಆ ಮಾತು ಬಂದಾಗ ನೋಡಿದ ಉಳಿದವರು ಮಾಡಬಹುದಾದ ದೊಡ್ಡ ಉಪಕಾರವೆಂದರೆ ಚಿತ್ರ ಉಳಿಸಿಕೊಂಡು, ನೊಂದವರಿಗೆ ಖಾಸಗಿಯಾಗಿ ‘ನಾನು ನೋಡಿದ್ದೇನೆ, ಬೇಕಾದರೆ ಹೇಳಿಕೆ ಕೊಡುತ್ತೇನೆ’ ಎಂದು ತಿಳಿಸುವುದು. ಪರಿಶಿಷ್ಟರಲ್ಲದ ಸಾಕ್ಷಿಯ ಹೇಳಿಕೆಗೆ ಇಂಥ ಪ್ರಕರಣಗಳಲ್ಲಿ ಬಹಳ ತೂಕವಿದೆ. ಬೈಗುಳದ ಸ್ಕ್ರೀನ್‌ಶಾಟನ್ನು ನೊಂದವರ ಹೆಸರಿನ ಸಮೇತ ನೂರು ಕಡೆ ಹಂಚಿ ಖಂಡಿಸುವುದು ಅವರನ್ನು ನೂರು ಸಲ ಬೈದಂತೆಯೇ ಆಗುತ್ತದೆ. ಅವರನ್ನು ಕೇಳದೆ ಹಂಚಬಾರದು. ಬೈದವರ ಮನೆ ವಿಳಾಸ, ಹೆಂಡತಿ ಮಕ್ಕಳ ಚಿತ್ರ ಹಾಕಿ ಸೇಡು ತೀರಿಸಿಕೊಳ್ಳುವುದಂತೂ ಬೇಡವೇ ಬೇಡ. ಪ್ರತಿದೂರಿಗೆ ಅವರು ಕಾಯುವುದು ಅಂಥದಕ್ಕೇ.

ಎಫ್‌ಐಆರ್ ಆದ ಮೇಲೆ

ರಾಜಿಯ ಮಾತು ಬರುತ್ತದೆ. ಊರಿನ ಹಿರಿಯರು, ಕಚೇರಿಯ ಮೇಲಧಿಕಾರಿ, ಕೆಲವೊಮ್ಮೆ ಬಂಧುಗಳೇ ತರುತ್ತಾರೆ. ಈ ಕಾಯ್ದೆಯ ಅಪರಾಧಗಳನ್ನು ಠಾಣೆಯ ಮಟ್ಟದಲ್ಲಿ ರಾಜಿ ಮಾಡಿ ಮುಗಿಸಲು ಅವಕಾಶವಿಲ್ಲ. ಒತ್ತಡ ಬೆದರಿಕೆಯ ರೂಪ ತಾಳಿದರೆ ಅದನ್ನೂ ತನಿಖಾಧಿಕಾರಿಗೆ ಬರೆದುಕೊಡಿ.

15ಎ ಸೆಕ್ಷನ್ ಪ್ರಕಾರ ಜಾಮೀನು ಅರ್ಜಿಯೂ ಸೇರಿ ಪ್ರತಿಯೊಂದು ನ್ಯಾಯಾಲಯದ ಕಲಾಪದ ಬಗ್ಗೆ ನೊಂದವರಿಗೆ ಸಕಾಲದಲ್ಲಿ ತಿಳಿಸಬೇಕು, ಅವರ ಮಾತನ್ನೂ ಕೇಳಬೇಕು. ಇದು ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಸ್ಪಷ್ಟಪಡಿಸಿದೆ. ನಿಮಗೆ ತಿಳಿಸದೆ ಜಾಮೀನಾಗಿದ್ದರೆ ಅದನ್ನು ಪ್ರಶ್ನಿಸಬಹುದು. ಸಮಾಜ ಕಲ್ಯಾಣ ಇಲಾಖೆಯಿಂದ ಹಂತಹಂತವಾಗಿ ಪರಿಹಾರಧನವೂ ಬರಬೇಕು. ಎಫ್‌ಐಆರ್, ಜಾತಿ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಪುಸ್ತಕದ ಪ್ರತಿಗಳೊಂದಿಗೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ. ಪರಿಹಾರ ಪಡೆಯಲೆಂದೇ ದೂರು ಕೊಟ್ಟರು ಎಂಬ ಕುಹಕ ಜಾಲತಾಣದಲ್ಲಿ ಖಂಡಿತ ಕೇಳಿಬರುತ್ತದೆ. ಅದರ ಸ್ಕ್ರೀನ್‌ಶಾಟನ್ನೂ ಅದೇ ಕಡತಕ್ಕೆ ಸೇರಿಸಿ.

ಪೊಲೀಸರು ‘ಬಿ’ ರಿಪೋರ್ಟ್ ಹಾಕಿ ಪ್ರಕರಣ ಮುಚ್ಚಲು ಹೊರಟರೆ ನಿಮಗೆ ನೋಟಿಸ್ ಬರುತ್ತದೆ. ಗಾಬರಿಯಾಗಿ ಸುಮ್ಮನಿರಬೇಡಿ, ಖಾಲಿ ಹಾಳೆಗೆ ಸಹಿ ಮಾಡಬೇಡಿ. ‘ಬಿ’ ರಿಪೋರ್ಟಿನ ಪ್ರತಿ ಪಡೆದು, ಯಾವ ಸಾಕ್ಷಿಯನ್ನು ವಿಚಾರಿಸಿಲ್ಲ, ಜಾಲತಾಣದ ಕಂಪನಿಗೆ ಯಾವ ದಿನ ನೋಟಿಸ್ ಹೋಯಿತು ಅಥವಾ ಹೋಗಲೇ ಇಲ್ಲ, ಪೆನ್‌ಡ್ರೈವ್ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ತಲುಪಿತೇ ಎಂಬುದನ್ನು ಪಟ್ಟಿ ಮಾಡಿ, ವಕೀಲರ ಮೂಲಕ ವಿಶೇಷ ನ್ಯಾಯಾಲಯದಲ್ಲಿ ತಕರಾರು ಅರ್ಜಿ ಹಾಕಿ.